ಹೂಂ ಅಂದರೆ ಮಾತ್ರ ಎಸೆಯುವ ಹೊನ್ನವ್ವ

ಹಾನಗಲ್ಲಿನಲ್ಲಿ ಮಳೆಗಾಲಕ್ಕೆ ಮೊದಲು ಯಾರ ಮನೆಯ ಹಂಚು ಕೈಯಾಡಿಸಬೇಕಾದರೂ ಕರಬಸಪ್ಪನನ್ನೇ ಕರೆಯುತ್ತಾರೆ. ಕರೆಯುವುದು ಒಬ್ಬನನ್ನು, ಬರುವುದು ಇಬ್ಬರು. ಕರಬಸಪ್ಪ ಮಾಡಿನ ಮೇಲೆ, ಅವನ ಹೆಂಡತಿ ಹೊನ್ನವ್ವ ಅಂಗಳದಲ್ಲಿ. ಹೆಸರು ಅವನದು, ಕೈ ಅವಳದು. ಇದನ್ನು ನಾನು ಅವನೆದುರೇ ಹೇಳಿದ್ದೇನೆ. ಅವನಿಗೆ ಸಿಟ್ಟೂ ಬಂದಿಲ್ಲ.

ಹಂಚು ಹೊತ್ತು ಏಣಿ ಹತ್ತುವುದು ಅವರಲ್ಲಿಲ್ಲ. ಹೊನ್ನವ್ವ ಕೆಳಗಿನಿಂದಲೇ ಎಸೆಯುತ್ತಾಳೆ. ಮೊಣಕಾಲು ಒಂದಿಷ್ಟು ಬಾಗುತ್ತದೆ, ಸೊಂಟ ತಿರುಗುತ್ತದೆ, ತೋಳು ತೊಡೆಯ ಪಕ್ಕದಿಂದ ಮೇಲಕ್ಕೆ ಬೀಸುತ್ತದೆ, ಎಲ್ಲಕ್ಕೂ ಕೊನೆಗೆ ಮಣಿಕಟ್ಟು ಹಂಚನ್ನು ಬಿಡುತ್ತದೆ. ಹಂಚು ಏರಿ ಏರಿ, ಇನ್ನಾಗದು ಎಂದು ಒಂದು ಕ್ಷಣ ನಿಲ್ಲುವ ಜಾಗದಲ್ಲಿ ಕರಬಸಪ್ಪನ ಕೈ ಇರುತ್ತದೆ. ಗೂಡಿನಿಂದ ತೆಗೆದುಕೊಂಡಂತೆ ಅವನು ಅದನ್ನು ತೆಗೆದುಕೊಳ್ಳುತ್ತಾನೆ.

ಆದರೆ ಒಂದು ಕಟ್ಟುಪಾಡು. ಮೇಲಿನಿಂದ ಅವನು "ಹೂಂ" ಅನ್ನಬೇಕು. ಹೂಂ ಇಲ್ಲದೆ ಹೊನ್ನವ್ವನ ಕೈ ಏಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೂಂ ಕೇಳುವ ಮೊದಲೇ ಎಸೆದಿದ್ದಳು. ಅವನು ಆಗ ಎದುರು ಮನೆಯ ಕಡೆ ನೋಡುತ್ತಿದ್ದ. ಆ ಹಂಚಿನ ಗುರುತು ಅವನ ಹಣೆಯ ಮೇಲೆ ಇನ್ನೂ ಇದೆ. ಎದುರು ಮನೆಯಲ್ಲಿ ಏನಿತ್ತು ಎಂದು ಹೊನ್ನವ್ವ ಇನ್ನೂ ಕೇಳುತ್ತಾಳೆ.

ಇಂಥವಳನ್ನು ಸಾಫ್ಟ್‌ಬಾಲಿಗೆ ಎಳೆದು ತಂದವರು ಶೈಲಾ ಅಕ್ಕೋರು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಸುಮ್ಮನೆ ಕೂರಲು ಬಾರದವರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆಯ ಹೆಂಗಸರಿಗೆ ವರ್ಷಕ್ಕೊಮ್ಮೆ ಪಂದ್ಯ ಏರ್ಪಡಿಸುವುದು ಅವರದೇ ಹುಚ್ಚು. ಈ ಆಟದಲ್ಲಿ ಬಾಲನ್ನು ಕೆಳಗಿನಿಂದಲೇ ಬೀಸಿ ಎಸೆಯಬೇಕು, ಬ್ಯಾಟಿನವಳನ್ನು ತಪ್ಪಿಸಿ ಅವಳ ಹಿಂದೆ ಕೂತವಳ ಕೈಗೆ. ಹಂಚು ಎಸೆಯುವ ಹೊನ್ನವ್ವನನ್ನು ಕಂಡ ದಿನ ಅಕ್ಕೋರು ಹೋಗುತ್ತಿದ್ದ ಮದುವೆಯನ್ನು ಮರೆತು ಅಲ್ಲೇ ನಿಂತುಬಿಟ್ಟರಂತೆ.

ತಂಡದಲ್ಲಿ ನಾನೂ ಇದ್ದೇನೆ. ಹಿಟ್ಟಿನ ಗಿರಣಿ ನಡೆಸುವ ನನ್ನ ಮೈಗೆ ಓಟ ಆಗಿಬರುವುದಿಲ್ಲ. ಅದಕ್ಕೇ ಅಕ್ಕೋರು ನನ್ನನ್ನು ಮೈದಾನದ ಕೊನೆಯಲ್ಲಿ, ಬಾಲು ಬಾರದ ಜಾಗದಲ್ಲಿ ನಿಲ್ಲಿಸಿದರು. ಹೊನ್ನವ್ವ ಎಸೆಯತೊಡಗಿದ ಮೇಲೆ ಎಲ್ಲ ಬಾಲೂ ಅಲ್ಲಿಗೇ ಬರತೊಡಗಿದವು.

ಯಾಕೆಂದರೆ ಅವಳು ಎಸೆದದ್ದನ್ನೆಲ್ಲ ಎಲ್ಲರೂ ಹೊಡೆಯುತ್ತಿದ್ದರು. ಜನ್ಮದಲ್ಲಿ ಬ್ಯಾಟು ಹಿಡಿಯದ ಮುದುಕಿಯರೂ ಹೊಡೆದರು. ಬಾಲು ಬಂದು ಬ್ಯಾಟಿನ ನಡುಮಧ್ಯೆ ತಾನಾಗಿ ಕೂರುತ್ತಿತ್ತು. ನಾನು ಎದೆ ಹಿಡಿದುಕೊಂಡು ಓಡುತ್ತಿದ್ದೆ. ಹೊನ್ನವ್ವನ ಮೇಲೆ ನನಗಿದ್ದ ಸಿಟ್ಟಿಗೆ ಹರಿದುಹೋದ ಗಿರಣಿಯ ಬೆಲ್ಟೇ ಸಾಕ್ಷಿ.

ಅಕ್ಕೋರು ತಾಳ್ಮೆಯಿಂದ ತಿಳಿಸಿ ಹೇಳಿದರು. "ನೋಡವಾ, ಹೊಡಿಯಾಕಿ ಮೈ ಒಂದ ಸಲಕ್ಕ ತಿರಗೂದಿಲ್ಲ. ಮೊದಲ ಮುಂದಿನ ಕಾಲು ಊರತಾಳ, ಆಮ್ಯಾಲೆ ಸೊಂಟ, ಆಮ್ಯಾಲೆ ಭುಜ, ಕಡೀಕ ಬ್ಯಾಟು. ಆ ಬ್ಯಾಟು ಬರೂ ಹೊತ್ತಿಗೆ ಸರಿಯಾಗಿ ನೀ ಬಾಲು ಕೊಡಾಕತ್ತೀ. ಚೂರು ಮೊದಲ ಕೊಡು, ಇಲ್ಲಾ ಚೂರು ತಡ ಮಾಡು."

"ತಿಳೀತ್ರಿ ಅಕ್ಕೋರ," ಅಂದಳು ಹೊನ್ನವ್ವ. ಮುಂದಿನ ಬಾಲೂ ನನ್ನ ತಲೆಯ ಮೇಲಿಂದ ಹೋಯಿತು.

ಹಂಚಿನ ಚಟ, ತೆಗೆದುಕೊಳ್ಳುವವರ ಕೈಗೆ ಇಡದೆ ಅವಳಿಂದ ಆಗದು ಎಂದು ನಾವೆಲ್ಲ ತೀರ್ಮಾನಿಸಿದೆವು. ಈ ವರ್ಷದ ಪಂದ್ಯ ಸವಣೂರಿನಲ್ಲಿ, ಅದೂ ನಮ್ಮನ್ನು ಪ್ರತಿ ಸಲ ಸೋಲಿಸುವ ಹಿರೇಕೆರೂರಿನ ಮೇಲೆ. ಅಲ್ಲೂ ಹೀಗೇ ಹೊಡೆಸಿಕೊಂಡರೆ ಮುಂದೆ ಕಾಲೇಜಿನ ತನುಜಾ ಎಸೆಯುತ್ತಾಳೆ ಎಂದು ಅಕ್ಕೋರು ಹೇಳಿಬಿಟ್ಟರು. ಸಂಜೆ ಗಿರಣಿಗೆ ಜೋಳ ತಂದಾಗ ಹೊನ್ನವ್ವ ನನ್ನ ಬಳಿ ಅಂದಳು, "ಹಂಚು ಒಗಿಯೂಮುಂದ ನನ್ನ ಯಾರೂ ನೋಡೂದಿಲ್ರಿ. ಒಡದ್ರ ಅಷ್ಟ ನೋಡತಾರ. ಇಲ್ಲಿ ಒಗಿಯೂದನ್ನ ನೋಡಾಕಂತ ಮಂದಿ ಬರತಾರ. ನನಗಿದು ಬೇಕ್ರಿ." ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಮರುದಿನ ಅಭ್ಯಾಸಕ್ಕೆ ಕರಬಸಪ್ಪನೂ ಬಂದ. ಬ್ಯಾಟಿನವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬಾಲು ಹಿಡಿಯುವವಳು ನಮ್ಮ ಟೇಲರ್ ಸವಿತಾ. ಯಾರ ಕುಪ್ಪಸ ಕಂಡರೂ ಹೊಲಿಗೆಯ ತಪ್ಪು ಹೇಳದೆ ಬಿಡದವಳು. ಅವಳಿಗೆ ಅಂದು ಮೊಣಕಾಲು ನೋವು. "ನಾ ಕುಂದರಲೇನ್ರಿ?" ಎಂದು ಕರಬಸಪ್ಪ ಹೋಗಿ ಕೂತ. ಬ್ಯಾಟು ಹಿಡಿದು ನಿಂತವಳು ತನುಜಾ. ಕರಬಸಪ್ಪ ರೂಢಿಯಂತೆ ಎರಡೂ ಕೈ ಚಾಚಿ "ಹೂಂ" ಅಂದ.

ಬಾಲು ತನುಜಾಳನ್ನು ದಾಟಿ ಅವನ ಕೈಗೆ ಬಂದು ಬಿತ್ತು. ಆಮೇಲೆ ಅವಳು ಬ್ಯಾಟು ಬೀಸಿದಳು. ಮತ್ತೊಂದು ಹೂಂ, ಮತ್ತೊಂದು ಬಾಲು, ತನುಜಾ ತನ್ನ ಸುತ್ತ ತಾನೇ ತಿರುಗಿ ಕೆಳಗೆ ಕೂತಳು. ದೂರದಲ್ಲಿ ನಿಂತ ನನಗೆ ಓಡುವ ಕೆಲಸವೇ ಬರಲಿಲ್ಲ.

ಅಕ್ಕೋರು ಓಡಿ ಬಂದರು. "ಇಷ್ಟ ದಿನಾ ಯಾಕ ಹಿಂಗ ಒಗೀಲಿಲ್ಲ ನೀನು?"

ಹೊನ್ನವ್ವ ಸೆರಗಿನ ತುದಿ ತಿರುವುತ್ತ ಸವಿತಾಳ ಕಡೆ ನೋಡಿದಳು. ಹೇಳಬಾರದೆಂದೇ ಇದ್ದಳು, ಪಾಪ. "ಸವಿತಕ್ಕಾರು ಬಾಲು ಬರೂಮುಂದ ಕಣ್ಣ ಮುಚ್ಚತಾರ್ರಿ. ಕಣ್ಣ ಮುಚ್ಚಿದೋರ ಕೈಗೆ ಹೆಂಗ ಒಗೀಲಿ? ಬ್ಯಾಟ ಹಿಡಿದಾಕಿ ಕಣ್ಣ ತೆರಕೊಂಡು ನಿಂತಿರತಾಳ, ಅದ ನನಗ ಹೂಂ ಅಂದಂಗ. ಅದಕ್ಕ ಆಕೀಗೇ ಕೊಡಾಕತ್ತಿದ್ದೆ."

ಗಂಡನ ಹಣೆಯ ಗುರುತು ನೋಡುತ್ತ ಬದುಕು ಮಾಡಿದವಳು ಇನ್ನೊಬ್ಬರ ಹಣೆ ಉಳಿಸಲು ಹೋಗಿ ತನ್ನ ಆಟ ಕೆಡಿಸಿಕೊಂಡಿದ್ದಳು. ಉಳಿದಿದ್ದ ಅರ್ಧ ಸಿಟ್ಟನ್ನು ನಾನು ಸವಿತಾಳಿಗೆ ವರ್ಗಾಯಿಸಿದೆ.

ಪಂದ್ಯದಲ್ಲಿ ಗಂಡಸು ಆಡುವಂತಿಲ್ಲ. ಹೀಗಾಗಿ ಸವಿತಾಳಿಗೆ ಹೂಂ ಕಲಿಸುವ ಕೆಲಸ ಕರಬಸಪ್ಪನಿಗೆ ಬಿತ್ತು. ಅವಳ ಹೊಲಿಗೆ ಮಷೀನಿನ ಎದುರು ನಿಂತು ಅವನು ಬದನೆಕಾಯಿ ಎಸೆಯುವನು, ಅವಳು ಹೂಂ ಅಂದು ಹಿಡಿಯಬೇಕು. "ಇದು ಹೂಂ ಅಲ್ರಿ, ಕನ್ಯಾ ನೋಡಾಕ ಬಂದಾಗ ಅಂದಂಗಾತು. ಹೊಟ್ಟೀಲಿಂದ ಬರಲಿ," ಅನ್ನುವನು. ಆ ವಾರ ಸವಿತಾಳ ಮನೆಯಲ್ಲಿ ಬರೀ ಎಣಗಾಯಿ.

ಸವಣೂರಿನಲ್ಲಿ ಅದು ಹೇಗೋ ನಡೆಯಿತು. ಸವಿತಾ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿ ಒಂದು ತೆರೆದು ಹೂಂ ಅನ್ನುತ್ತಲೇ ಇದ್ದಳು. ಆ ಒಂದು ಕಣ್ಣಿನ ಭರವಸೆಗೆ ತಕ್ಕಷ್ಟು ಹೊನ್ನವ್ವ ಎಸೆದಳು. ಕೊನೆಯ ಸರದಿಗೆ ನಾವು ಒಂದು ಓಟ ಮುಂದಿದ್ದೆವು, ಅವರ ಇಬ್ಬರು ಓಡಲು ತಯಾರಾಗಿ ನಿಂತಿದ್ದರು. ಹಿರೇಕೆರೂರಿನವರಲ್ಲಿ ಹೊಡೆಯಲು ಉಳಿದವಳು ವೀರವ್ವ ಒಬ್ಬಳೇ. ಅವಳು ಇನ್ನೊಂದು ಬಾಲು ತಪ್ಪಿದರೆ ನಾವು ಗೆದ್ದಂತೆ. ಸರಿಯಾಗಿ ಹೊಡೆದರೆ ಅವರು ಗೆದ್ದಂತೆ, ಹೊನ್ನವ್ವ ಮುಂದಿನ ವರ್ಷದಿಂದ ಬೆಂಚಿಗೆ.

ವೀರವ್ವನ ಬ್ಯಾಟಿನ ಅಂಚಿಗೆ ತಾಗಿದ ಬಾಲೊಂದು ಹೋಗಿ ಸವಿತಾಳ ಜಾಲರಿಗೆ ಬಡಿಯಿತು. ಅಂಚು ತಾಗಿದ್ದರಿಂದ ಅದು ತಪ್ಪಿದ ಲೆಕ್ಕಕ್ಕೆ ಬರಲಿಲ್ಲ, ಪೆಟ್ಟೂ ಆಗಲಿಲ್ಲ. ಆದರೆ ಸವಿತಾಳ ಹೂಂ ನಿಂತುಹೋಯಿತು.

ಹೊನ್ನವ್ವ ಬಾಲು ಹಿಡಿದು ಕಾಯುತ್ತ ನಿಂತಳು. ಅಂಪೈರ್ ಬೇಗ ಎಸೆಯಿರಿ ಎಂದರು. ಅವಳು ಎಸೆಯಲಿಲ್ಲ. ಗೆರೆಯಾಚೆ ಕೂತಿದ್ದ ಕರಬಸಪ್ಪನಿಗೆ ಬಾಯಿ ಬಿಡಬಾರದೆಂದು ಅಕ್ಕೋರು ಆಣೆ ಹಾಕಿಸಿದ್ದರು. ಅವನು ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದ. ನಾನು ಓಡಲು ತಯಾರಾಗಿ ಸೀರೆಯ ನೆರಿಗೆ ಎತ್ತಿ ಕಟ್ಟಿದೆ.

ಆಗ ಬಂತು ಸವಿತಾಳ ದನಿ, ಮೈದಾನದ ಕೊನೆಯಲ್ಲಿದ್ದ ನನಗೂ ಕೇಳುವಷ್ಟು. "ಹೂಂ, ಹೊನ್ನವ್ವ."

ಮೊಣಕಾಲು, ಸೊಂಟ, ತೋಳು, ಮಣಿಕಟ್ಟು. ವೀರವ್ವ ಬೀಸಿದ ಗಾಳಿಗೆ ಧೂಳೆದ್ದಿತು. ಬಾಲು ಸವಿತಾಳ ಕೈಯಲ್ಲಿತ್ತು.

ನಾವೆಲ್ಲ ಕುಣಿಯುತ್ತ ಓಡಿದೆವು. ಸವಿತಾ ಕುಣಿಯಲಿಲ್ಲ. ಕೂತಲ್ಲೇ ಬಾಲನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು. "ಇದಕ್ಕ ಕೆಂಪು ದಾರದ ಹೊಲಿಗಿ ಐತ್ರಿ," ಅಂದಳು. "ಬರೂಮುಂದ ಕಾಣಿಸ್ತು. ಭಾಳ ಚೊಲೋ ಹೊಲಿಗಿ." ವರ್ಷಗಟ್ಟಲೆ ಅದೇ ಬಾಲನ್ನು ಹಿಡಿದವಳು ಅಂದು ಮೊದಲ ಸಲ ಅದನ್ನು ನೋಡಿದ್ದಳು.

ಕರಬಸಪ್ಪ ಬಾಯಿಂದ ಟವೆಲ್ ತೆಗೆದು ಏನೋ ಹೇಳಲು ಬಂದ. ಹೊನ್ನವ್ವ ಅವನನ್ನು ತಡೆದು, ಸವಿತಾಳ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು.

"ಇಷ್ಟು ದಿನಾ ನನಗ ಹೂಂ ಅನ್ನಾಕ ಇವ್ರು ಒಬ್ರ ಇದ್ರು," ಅಂದಳು. "ಇನ್ನ ಮ್ಯಾಲೆ ಇಬ್ರು."