ಪುಣ್ಯತಿಥಿಯ ಸಿನಿಮಾ

ತೊಂಬತ್ತರ ದಶಕದ ಕೊನೆಗೆ ನಮ್ಮ ವಿಶ್ವವಿದ್ಯಾಲಯದ ಸಿನಿಮಾ ವಿಭಾಗ ಇನ್ನೂ ಶೀಟಿನ ಶೆಡ್ಡಿನಲ್ಲಿತ್ತು. ಎಡಿಟಿಂಗ್ ಕಲಿಸುತ್ತಿದ್ದ ಮೇಡಂ ಗುತ್ತಿಗೆಯವರು. ಪ್ರತಿ ಬೇಸಿಗೆಯಲ್ಲೂ ಅವರ ಕೆಲಸ ಉಳಿಯುವುದೇ ಎಂಬ ಆತಂಕ ಅವರಿಗಷ್ಟೇ ಅಲ್ಲ, ನಮಗೂ ಇತ್ತು. ಆ ವಿದ್ಯೆ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಟ್ಟಡಕ್ಕೆ ದಾನಿಯೊಬ್ಬರು ಸಿಕ್ಕಾಗ, ಜೊತೆಗೊಂದು ದತ್ತಿನಿಧಿಯನ್ನೂ ಕೇಳಬೇಕು, ಅದರ ಬಡ್ಡಿಯಲ್ಲಿ ಸಂಬಳ ನಡೆಯಬೇಕು ಎಂದು ವಿಭಾಗದವರು ತೀರ್ಮಾನಿಸಿ ಮೇಡಂ ಅವರನ್ನೇ ಕಳಿಸಿದರು. ವಿದ್ಯಾರ್ಥಿಗಳ ಪರವಾಗಿ ನಾನು ಹೋದೆ.

ದಾನಿ ಚಾಮರಾಜಪೇಟೆಯ ಊದಿನಕಡ್ಡಿ ವ್ಯಾಪಾರಿ. ಮೊದಲ ಭೇಟಿಯ ಬಗ್ಗೆ ನನ್ನ ಡೈರಿಯಲ್ಲಿ 'ಮಂಗಳವಾರ, ಕಾಫಿ ಆಯಿತು, ಕೆಲಸ ಆಗಲಿಲ್ಲ' ಎಂದಿದೆ. ಎರಡನೆಯ ಸಲ ಅವರೇ ಮಾತು ತೆಗೆದರು.

"ಕಟ್ಟಡಕ್ಕೆ ಕೊಡ್ತೀನಮ್ಮ. ಕಣ್ಣಿಗೆ ಕಾಣುತ್ತೆ. ಬ್ಯಾಂಕಲ್ಲಿಟ್ಟ ದುಡ್ಡು ಯಾರಿಗೆ ಕಾಣುತ್ತೆ?"

ಮೇಡಂ ಒಂದು ಕ್ಷಣ ಯೋಚಿಸಿದರು. "ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ಅಂತ ಇಡ್ತೀವಲ್ಲ ಸರ್, ಹಾಗೇನೇ. ಅಸಲು ಮುಟ್ಟಲ್ಲ. ಬಡ್ಡೀಲಿ ವರ್ಷವರ್ಷ ನಡೀತಿರುತ್ತೆ."

ಯಜಮಾನರ ಮುಖ ಅರಳಿತು. "ಹಂಗನ್ನಿ ಮತ್ತೆ! ಗವಿಪುರದ ದೇವಸ್ಥಾನದಲ್ಲಿ ನಮ್ಮಮ್ಮನ ಹೆಸರಲ್ಲಿ ಹಂಗೇ ಇಟ್ಟಿದೀನಿ. ಇದನ್ನೂ ಅವರ ಹೆಸರಲ್ಲೇ ಮಾಡೋಣ."

ವಾಪಸು ಬರುವಾಗ ಆಟೋದಲ್ಲಿ ಮೇಡಂ ನಕ್ಕರು. "ಇನ್ಮೇಲೆ ಬೇಸಿಗೆ ಅಂದ್ರೆ ಬರೀ ಮಾವಿನಹಣ್ಣು ಕಣೋ."

ಹದಿನೈದು ದಿನಕ್ಕೆ ದತ್ತಿಪತ್ರ ಬಂತು. ಪ್ರತಿ ವರ್ಷ ತಾಯಿಯ ಪುಣ್ಯತಿಥಿಯಂದು ಒಂದು ಭಕ್ತಿಪ್ರಧಾನ ಸಿನಿಮಾ ತೋರಿಸಿ, ಬಂದವರಿಗೆಲ್ಲ ಊಟ ಹಾಕಬೇಕು. ಬಡ್ಡಿ ಪೂರ್ತಿ ಅದಕ್ಕೇ. ನಾವು ಮತ್ತೆ ಓಡಿದೆವು.

"ನೀವೇ ಹೇಳಿದ್ರಲ್ಲಮ್ಮ, ಶಾಶ್ವತ ಪೂಜೆ ಅಂತ. ವರ್ಷಕ್ಕೆ ಒಂದು ದಿವಸ ತಾನೆ?"

"ಪಾಠ ದಿನಾ ಆಗ್ಬೇಕಲ್ಲ ಸರ್. ಹೇಳಿಕೊಡೋರಿಗೆ..."

"ಅರ್ಚಕರ ಸಂಬಳ ನಾನು ಕೊಡ್ತೀನೇನಮ್ಮ? ಅದು ದೇವಸ್ಥಾನದ್ದು."

ಅವರು ಮೋಸ ಮಾಡುತ್ತಿರಲಿಲ್ಲ. ಶಾಶ್ವತ ಪೂಜೆ ಎಂದರೆ ಅವರ ಮಟ್ಟಿಗೆ ಅದೇ ಆಗಿತ್ತು. ತಕರಾರು ತೆಗೆದರೆ ಕಟ್ಟಡವೂ ಕೈತಪ್ಪೀತು ಎಂದು ಹೆದರಿ ವಿಶ್ವವಿದ್ಯಾಲಯದವರು ಹಾಗೇ ಸಹಿ ಹಾಕಿದರು.

ಕಲ್ಲಿನ ಕಟ್ಟಡ ಎದ್ದಿತು. ಆ ಬೇಸಿಗೆಯಲ್ಲೇ ಮೇಡಂ ಗುತ್ತಿಗೆ ಮುಗಿಯಿತು. ಮುಂದುವರಿಸಲು ಹಣವಿಲ್ಲ ಎಂದರು ವಿಶ್ವವಿದ್ಯಾಲಯದವರು. ಹೊಸ ಎಡಿಟಿಂಗ್ ಕೋಣೆಗೆ ಬೀಗ ಬಿತ್ತು. ನನ್ನ ಕೊನೆಯ ವರ್ಷದ ಚಿತ್ರ ಅರ್ಧ ಜೋಡಿಸಿದ ರೀಲಾಗಿ ಒಳಗೇ ಉಳಿಯಿತು.

ಮೊದಲ ಪುಣ್ಯತಿಥಿಯಂದು ಹಾಲ್ ತುಂಬಿತ್ತು. ಊಟದ ಹೊತ್ತಿಗೆ ಯಜಮಾನರು ಸುತ್ತ ನೋಡಿದರು. "ಎಲ್ಲಪ್ಪ ನಿಮ್ಮ ಮೇಡಂ? ಇದೆಲ್ಲ ಅವರ ಪುಣ್ಯ."

"ಕೆಲಸ ಹೋಯ್ತು ಸರ್, ಏಪ್ರಿಲ್‌ನಲ್ಲೇ."

"ಛೇ ಛೇ!" ಅವರಿಗೆ ನಿಜಕ್ಕೂ ನೋವಾಯಿತು. ಅಡಿಗೆಯವರನ್ನು ಕೂಗಿ, ವಡೆ, ಪಾಯಸ ಎಲ್ಲ ಕ್ಯಾರಿಯರಿಗೆ ತುಂಬಿಸಿ ನನ್ನ ಕೈಗಿಟ್ಟರು.

ಶ್ರೀರಾಂಪುರದ ಮನೆಯಲ್ಲಿ ಮೇಡಂ ಮುಚ್ಚಳ ತೆಗೆದು ನೋಡಿದರು. "ಪಾಯಸ ಬಿಸಿ ಇದೆ. ಕೂತ್ಕೋ, ಇಬ್ರೂ ತಿನ್ನೋಣ. ನಿನ್ನ ರೀಲು ಎಲ್ಲೀವರೆಗೆ ಬಂತು?"

"ನೀವು ನಿಲ್ಲಿಸಿದಲ್ಲೇ ಇದೆ ಮೇಡಂ."

ಅವರು ಎರಡು ಲೋಟಕ್ಕೆ ಪಾಯಸ ಬಗ್ಗಿಸತೊಡಗಿದರು.