ಅಚ್ಚಿನ ಕಿಚ್ಚು

ಡೆಲ್‌ಮರ್ ಕ್ವಾಮ್‌ನ ಹೊಟ್ಟೆಯೂ ಗುಂಡು, ಹವ್ಯಾಸವೂ ಗುಂಡು. ಎರಡನೆಯದನ್ನು ಸೋಡಾ ಬೆರೆಸಿ ಕುಡಿಯುವ ಗುಂಡು ಅಂದುಕೊಳ್ಳಬೇಡಿ. ಲೂಥರನ್ ಚರ್ಚಿನ ಎರಡನೇ ಸಾಲಿನ ಖಾಯಂ ಗಿರಾಕಿಯಾದ ಡೆಲ್‌ಮರ್ ಅದನ್ನು ಮೂಸಿ ಕೂಡ ನೋಡಿದವನಲ್ಲ. ಅವನದು ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಅಪ್ಪನ ಕಾಲದ ಕೋವಿಗೆ ತುಂಬಿ ಹಾರಿಸುವ ಗುಂಡು. ಹಿಡಿಯನ್ನು ಕೆಳಗೆಳೆದು ಮೇಲೆತ್ತಿದರೆ ಕಟಕ್ಕೆಂದು ಹೊಸ ತೋಟಾ ಏರಿಸಿಕೊಳ್ಳುವ, ಹಿತ್ತಾಳೆಯ ಬಣ್ಣಕ್ಕೆ ತಿರುಗಿದ ಆ ಹಳೇ ಕೋವಿ ಮೊಂಟಾನಾದ ಟ್ರೂಲ್ಸನ್ ಊರಿಗೆಲ್ಲ ಪರಿಚಿತ. ಅವನ ಹೆಂಡತಿ ಆರ್ಲೀನ್‌ಳಷ್ಟೇ ಪರಿಚಿತ, ಆದರೆ ಅವಳಿಗಿಂತ ಕಡಿಮೆ ಸದ್ದು ಮಾಡುವಂಥದ್ದು.

ಊರಿನ ಟೈರ್ ಅಂಗಡಿಯಲ್ಲಿ ಡೆಲ್‌ಮರ್ ಆಯುಷ್ಯದ ಬಹುಭಾಗ ಕಳೆದಿದ್ದ. ಚಕ್ರ ಅಲುಗಾಡದಿರಲಿ ಎಂದು ಅಂಚಿಗೆ ಹೊಡೆಯುವ ಸೀಸದ ಪುಟ್ಟ ತೂಕಗಳಿರುತ್ತವಲ್ಲ, ಹಳೆಯ ಟೈರ್ ಬಿಚ್ಚಿದಾಗ ಅವೆಲ್ಲ ಒಂದು ಬಕೆಟ್ಟಿಗೆ ಬೀಳುತ್ತಿದ್ದವು. ಆ ಬಕೆಟ್ಟು ಡೆಲ್‌ಮರ್‌ನ ಪಾಲಿಗೆ ಪಿಂಚಣಿಗಿಂತ ದೊಡ್ಡದು. ಗುಂಡು ಎರೆಯುವ ಯಾರೇ ಆಗಲಿ, ಸೀಸಕ್ಕೆ ಅವನ ಮುಂದೆ ಟೋಪಿ ತೆಗೆಯಬೇಕಿತ್ತು. ಟೋಪಿ ತೆಗೆದವರಿಗೆ ಅವನು ಪಾಠವನ್ನೂ ಹೇಳುತ್ತಿದ್ದ: "ಈಗಿನ ತೂಕದಲ್ಲಿ ಅರ್ಧಕ್ಕರ್ಧ ಸತು. ಸಿಮೆಂಟಿನ ಮೇಲೆ ಹಾಕಿ ನೋಡು. ಸೀಸ 'ದಪ್' ಅಂತದೆ, ಸತು 'ಟಣ್' ಅಂತದೆ. ಒಂದು ಟಣ್ ಒಳಗೆ ಹೋಯ್ತೋ, ಇಡೀ ಪಾತ್ರೆ ಸತ್ತೋಯ್ತು."

ಇನ್ನು ಅಚ್ಚು. ಅದು ಡೆಲ್‌ಮರ್‌ನ ಅಪ್ಪ ಕಮ್ಮಾರ ಥೋರ್ವಲ್ಡ್ ಕ್ವಾಮ್ ತನ್ನ ಕೈಯಾರೆ ಕೊರೆದ ಕಬ್ಬಿಣದ ಅಚ್ಚು. ಇಕ್ಕಳದ ಹಾಗೆ ತೆರೆದು ಮುಚ್ಚುವಂಥದ್ದು. ಸಾಯುವ ಮುಂಚೆ ಅವನು ಅದನ್ನು ಮಗನಿಗೆ ಕೊಡದೆ ಊರಿನ ಕೋವಿ ಕ್ಲಬ್ಬಿಗೆ ಕೊಟ್ಟ. ಪ್ರತಿ ಜೂನ್ ತಿಂಗಳಲ್ಲಿ ಜಲ್ಲಿ ಗುಂಡಿಯ ಹತ್ತಿರ ಹಳೇ ಕೋವಿಗಳ ಪಂದ್ಯ. ತಾನೇ ಎರೆದ ಗುಂಡಿನಲ್ಲೇ ಹೊಡೆಯಬೇಕು. ಗೆದ್ದವನ ಮನೆಯಲ್ಲಿ ಮುಂದಿನ ಪಂದ್ಯದವರೆಗೆ ಅಚ್ಚು. ಅಪ್ಪನಿಗೆ ಮಗನ ಗುರಿಯ ಮೇಲೆ ಅಷ್ಟು ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ, ವರ್ಷಗಟ್ಟಲೆ ಆ ಅಚ್ಚುಮೆಚ್ಚಿನ ಅಚ್ಚು ಕ್ವಾಮ್ ಮನೆಯ ಹೊಸ್ತಿಲು ದಾಟಲಿಲ್ಲ.

ದಾಟಿಸಿದವನು ಎಲ್ಡನ್ ಪ್ರೂವಿಟ್.

ಎಲ್ಡನ್ ಪಕ್ಕದ ಕಣಿವೆಯಲ್ಲಿ ಶಾಲಾ ಬಸ್ ಓಡಿಸಿ ನಿವೃತ್ತನಾಗಿ ಬಂದವನು. ಉದ್ದ ಕತ್ತು, ಯಾವಾಗಲೂ ಅರ್ಧ ನಗು. ಹರಾಜಿನಲ್ಲಿ ಒಂದು ಹಳೇ ಕೋವಿ ಕೊಂಡು ಸೀದಾ ಡೆಲ್‌ಮರ್‌ನ ಬಾಗಿಲಿಗೆ ಬಂದು, "ಗುರುವೇ, ಕಲಿಸು" ಅಂದಿದ್ದ. ಡೆಲ್‌ಮರ್ ಹಿಗ್ಗಿ ಕಲಿಸಿದ. ಸೀಸಕ್ಕೆ ಜೇನುಮೇಣ ಹಾಕಿ ಕಸ ಮೇಲೆ ತೇಲಿಸುವುದು, ಚಮಚದಲ್ಲಿ ತೆಗೆಯುವುದು, ಮರದ ಸುತ್ತಿಗೆಯಿಂದ ಅಚ್ಚಿನ ಮುಚ್ಚಳ ತಟ್ಟುವುದು, ಬಿಸಿ ಗುಂಡನ್ನು ಹಳೇ ಟವೆಲ್ಲಿನ ಮೇಲೆ ಉದುರಿಸುವುದು, ಪೈ ಎಂಬ ಸಿಹಿತಿಂಡಿ ಬೇಯಿಸುವ ತಟ್ಟೆಯಲ್ಲಿ ಗುಂಡು ನಿಲ್ಲಿಸಿ, ನಳಿಗೆಯಲ್ಲಿ ಜಾರಲೆಂದು ಸುತ್ತ ಮೇಣ ಹೊಯ್ಯುವುದು, ಎಲ್ಲ. ಅಷ್ಟರಲ್ಲಿ ಒಳಗಿನಿಂದ ಆರ್ಲೀನ್, "ಎಂಥಾ ಚೂಟಿ ಮನುಷ್ಯ ಡೆಲ್! ನೀನು ವಾರಗಟ್ಟಲೆ ಕಲಿತದ್ದನ್ನ ಮಧ್ಯಾಹ್ನದೊಳಗೆ ಕಲಿತುಬಿಟ್ಟನಲ್ಲ!" ಅಂದುಬಿಟ್ಟಳು.

ಅಲ್ಲಿಗೆ ಪಾಠ ನಿಂತಿತು. ಬೆಂಚಿನ ಮೇಲೆ ಉಳಿದಿದ್ದುದು ಒಂದೇ ಹೆಜ್ಜೆ: ಗುಂಡನ್ನೆಲ್ಲ ಒಂದು ಸಣ್ಣ ತೂತಿನ ಮೂಲಕ ಒತ್ತಿ ಒಂದೇ ಅಳತೆಗೆ ತರುವ ಯಂತ್ರ. "ಇದೇನು?" ಎಂದು ಎಲ್ಡನ್ ಕೇಳಿದ.

"ಅದಾ? ಆರ್ಲೀನ್‌ದು. ವಾಲ್‌ನಟ್ ಒಡೆಯೋದು," ಅಂದ ಡೆಲ್‌ಮರ್.

ಮುಂದಿನ ಜೂನ್‌ನಲ್ಲಿ ಆ ವಾಲ್‌ನಟ್ ಶಿಷ್ಯ ಹೊಡೆದ ಗುಂಡುಗಳೆಲ್ಲ ಕಾಫಿ ಡಬ್ಬಿಯ ಮುಚ್ಚಳದಷ್ಟು ಜಾಗದಲ್ಲಿ ಕೂತವು. ಗುರುವಿನವು ಪೈ ತಟ್ಟೆಯಷ್ಟು ಹರಡಿದವು. ಅಚ್ಚು ಹೊಸ್ತಿಲು ದಾಟಿತು.

ಅಂದಿನಿಂದ ಡೆಲ್‌ಮರ್‌ನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚಿಗೆ ಸೀಸದ ಒಲೆಯ ಅಗತ್ಯವೇ ಇರಲಿಲ್ಲ. ಎಲ್ಡನ್‌ನ ಶೆಡ್ಡಿನಿಂದ ಹೊಗೆ ಎದ್ದರೆ ಸಾಕು, ಇವನಿಗೆ ಊಟ ಸೇರುತ್ತಿರಲಿಲ್ಲ. ಅಪ್ಪನ ಅಚ್ಚಿನಲ್ಲಿ ಪರರ ಕೈ! ಕಣ್ಣು ಮಂದವಾಯಿತೆಂದು ಕನ್ನಡಕ ಬದಲಿಸಿದ, ಕೋವಿಯ ಮದ್ದು ಬದಲಿಸಿದ, ಗುಂಡು ಮೆತ್ತಗಾಯಿತೆಂದು ಗಟ್ಟಿ ಮಾಡಿದ. ಗಟ್ಟಿ ಮಾಡಿದಷ್ಟೂ ನಳಿಗೆಯ ಒಳಗೋಡೆಗೆ ಸೀಸ ಮೆತ್ತಿಕೊಂಡಿತು. ಗುರಿ ಮತ್ತಷ್ಟು ಕೆಟ್ಟಿತು.

ಈ ವರ್ಷದ ಪಂದ್ಯಕ್ಕೆ ಇನ್ನೊಂದೇ ದಿನವಿದೆ ಎನ್ನುವಾಗ ಅವನು ಕಾಫಿಗೆಂದು ಹೊರಟವನು ಟೈರ್ ಅಂಗಡಿಗೆ ನುಗ್ಗಿದ. ಈಗ ಅಂಗಡಿ ನಡೆಸುವವಳು ಮಾರ್ಲಿಸ್. ಮೂಲೆಯಲ್ಲಿ ತುಂಬಿದ ಬಕೆಟ್ಟು.

"ಅದು ಎಲ್ಡನ್‌ಗೆ ಎತ್ತಿಟ್ಟಿದ್ದು ಡೆಲ್," ಅಂದಳು ಮಾರ್ಲಿಸ್. "ಪ್ರತಿ ಶುಕ್ರವಾರ ಕ್ಯಾರಮೆಲ್ ರೋಲ್ ತಂದುಕೊಡ್ತಾರೆ, ಪಾಪ."

ದಪ್ ಯಾವುದು, ಟಣ್ ಯಾವುದು ಎಂದು ಊರಿಗೆಲ್ಲ ಕಲಿಸಿದ ಗುರು ತಾನು. ರೋಲ್ ತಂದವನಿಗೆ ಬಕೆಟ್ಟು! ಡೆಲ್‌ಮರ್‌ನ ಕಿವಿ ಕೆಂಪಾಯಿತು.

"ಅವನೇ ಕಳಿಸಿದ್ದು ನನ್ನ."

"ಹೌದಾ? ನನಗೇನೂ ಹೇಳಲಿಲ್ಲವಲ್ಲ."

"ಮುದುಕರಾದ ಮೇಲೆ ಮರೆತುಹೋಗತ್ತೆ," ಎಂದು ಬಕೆಟ್ಟು ಎತ್ತಿ ಹೊರಟೇಬಿಟ್ಟ. ಎತ್ತುವಾಗ ಸೊಂಟ ಕಟಕ್ಕೆಂದಿತು, ಕೋವಿಯ ಹಾಗೇ.

ಮನೆಗೆ ಬಂದು ಒಲೆ ಹೊತ್ತಿಸಿದ. ತನ್ನಲ್ಲಿ ಉಳಿದಿದ್ದ ಒಳ್ಳೆಯ ಸೀಸವನ್ನೂ ಹಾಕಿ, ಅದರ ಮೇಲೆ ಇಡೀ ಬಕೆಟ್ಟು ಸುರಿದ. ದಪ್ ಇಲ್ಲ, ಟಣ್ ಇಲ್ಲ. ಆರಿಸಿಕೊಂಡು ಕೂರಲು ಅವನಿಗೆಲ್ಲಿ ತಾಳ್ಮೆ? ಕಣ್ಣ ಮುಂದೆ ಎಲ್ಡನ್‌ನ ಅರ್ಧ ನಗುವೇ ಕುದಿಯುತ್ತಿತ್ತು. ಅದು ಕರಗಿ ಹೋಗಲಿ ಎಂದು ಉರಿ ಹೆಚ್ಚಿಸಿದ.

ಸ್ವಲ್ಪ ಹೊತ್ತಿನಲ್ಲೇ ಪಾತ್ರೆಯ ಮೇಲ್ಮೈ ಗಡ್ಡೆಗಟ್ಟಿತು. ಕನ್ನಡಿಯಂತೆ ಹೊಳೆಯಬೇಕಾದ ಸೀಸ ನಿನ್ನೆಯ ಓಟ್ಸ್ ಗಂಜಿಯಂತೆ ಬಿಮ್ಮನೆ ಕೂತಿತು. ಹೊಸದಾಗಿ ಕೊಂಡ ಅಚ್ಚಿಗೆ ಹೊಯ್ದರೆ ಬಂದ ಗುಂಡುಗಳ ಮೈಯೆಲ್ಲ ಸುಕ್ಕು. ಊರಿಗೆಲ್ಲ ಸತುವಿನ ಪಾಠ ಹೇಳಿದವನ ಪಾತ್ರೆ ಸತುವಿನಿಂದಲೇ ಸತ್ತಿತ್ತು.

ಆರ್ಲೀನ್ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು. "ಇದೇನು ಮಾಡ್ಕೊಂಡೆ ಡೆಲ್?"

"ಸತು."

"ನೀನಾ?" ಅವಳು ಪಾತ್ರೆಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿದಳು. ನಗಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು. "ನಾಳೆ ಹೊಡೀಬೇಕು ತಾನೆ? ಎಲ್ಡನ್ ಹತ್ರ ಹೋಗಿ ಸೀಸ ಕೇಳು."

"ಸತ್ತರೂ ಇಲ್ಲ."

"ಪಾತ್ರೆ ಆಗಲೇ ಸತ್ತಿದೆ. ಇನ್ನು ನೀನೊಬ್ಬ ಉಳಿದಿರೋದು. ಅಚ್ಚು ಬೇಕಾ, ಬೇಡವಾ?"

ಬೇಕಿತ್ತು. ಅದೊಂದೇ ಬೇಕಾಗಿತ್ತು. ಡೆಲ್‌ಮರ್ ಕೋವಿಯನ್ನು ಪಿಕಪ್ಪಿನಲ್ಲಿಟ್ಟುಕೊಂಡು ಎಲ್ಡನ್‌ನ ಶೆಡ್ಡಿಗೆ ಹೋದ.

ಎಲ್ಡನ್ ಆ ಥೋರ್ವಲ್ಡ್ ಕ್ವಾಮ್‌ನ ಅಚ್ಚನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದ. ಡೆಲ್‌ಮರ್ ಅದನ್ನು ಎತ್ತಿ ತುಕ್ಕಿಗಾಗಿ ಮೂಲೆಮೂಲೆ ಹುಡುಕಿದ. ತುಕ್ಕಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು! ಒಂದು ಚುಕ್ಕೆಯೂ ಇಲ್ಲ. ತನ್ನ ಮನೆಯಲ್ಲಿದ್ದಾಗ ಕೀಲಿನಲ್ಲಿ ಚೂರು ಕೆಂಪಿತ್ತು, ಅದೂ ಮಾಯ.

"ಬಕೆಟ್ಟು ಭಾರ ಇತ್ತಾ ಡೆಲ್?" ಎಲ್ಡನ್ ತಲೆಯೆತ್ತದೆ ಕೇಳಿದ. "ಮಾರ್ಲಿಸ್ ಫೋನ್ ಮಾಡಿದ್ಲು. ನಿನ್ನನ್ನ ನಾನೇ ಕಳಿಸಿದ್ದು ಅಂತ ನನಗೇ ಗೊತ್ತಿರಲಿಲ್ಲ ನೋಡು."

ಡೆಲ್‌ಮರ್ ನೆಲ ನೋಡಿದ. "ಸತು ಬೆರೆತುಹೋಯ್ತು."

ಎಲ್ಡನ್ ಬಟ್ಟೆ ಕೆಳಗಿಟ್ಟ. ಎದ್ದು, ಮಫಿನ್ ತಟ್ಟೆಯಲ್ಲಿ ಹೊಯ್ದಿಟ್ಟಿದ್ದ ಸೀಸದ ಗಟ್ಟಿಗಳನ್ನು ತಂದು ಅವನ ಮುಂದಿಟ್ಟ. "ನೀನೇ ಹೊಯ್ಕೋ. ನಾನು ಹೊಯ್ದರೆ ನಿನ್ನ ಗುಂಡು ಆಗಲ್ಲ. ನಿಮ್ಮಪ್ಪನ ಅಚ್ಚಲ್ಲೇ ಹೊಯ್ಕೋ."

ಇಂಥ ಮನುಷ್ಯನನ್ನು ಹೇಗೆ ದ್ವೇಷಿಸುವುದು? ಕಷ್ಟವಾದರೂ ಡೆಲ್‌ಮರ್ ಪ್ರಯತ್ನ ಬಿಡಲಿಲ್ಲ.

ಮಧ್ಯಾಹ್ನವಿಡೀ ಹೊಯ್ದ. ಬೆಳ್ಳಿಯಂಥ ಗುಂಡುಗಳು ಟವೆಲ್ಲಿನ ಮೇಲೆ ಉದುರಿದವು. ಆರಿದ ಒಂದನ್ನು ತೆಗೆದುಕೊಂಡು, ಪಿಕಪ್ಪಿನಿಂದ ಕೋವಿ ತಂದು, ಖಾಲಿಯಿದೆಯೆಂದು ನೋಡಿ, ಅಭ್ಯಾಸಬಲದಿಂದ ನಳಿಗೆಯ ಬಾಯಿಗೆ ಇಟ್ಟ. ಗುಂಡು ಬಿಗಿಯಾಗಿ ಕೂತಿತು. ಜೇಬಿನಲ್ಲಿದ್ದ ತನ್ನ ಹಳೆಯ, ಯಂತ್ರದಲ್ಲಿ ಹಿಂಡಿದ ಗುಂಡನ್ನು ಇಟ್ಟ. ಅದು ಬೀಳುವ ಹಲ್ಲಿನಂತೆ ಲೊಡಲೊಡ ಅಲ್ಲಾಡಿತು.

ಡೆಲ್‌ಮರ್‌ನ ಗುಂಡಿಗೆ ಒಂದು ಕ್ಷಣ ನಿಂತಿತು. ಗುಂಡು ಮೆತ್ತಗಾಯಿತು ಅಂದುಕೊಂಡಿದ್ದ; ಗುಂಡಿಗೆ ಜಾಗ ಹೆಚ್ಚಾಗಿತ್ತು! ಅಪ್ಪನ ಕಾಲದಿಂದ ಹೊಡೆದೂ ಉಜ್ಜಿಯೂ ನಳಿಗೆ ಸವೆದು ಅಗಲವಾಗಿತ್ತು. ಅಪ್ಪನ ಅಳತೆಗೆ ಹಿಂಡಿದ ಗುಂಡು ಅದರಲ್ಲಿ ಸಡಿಲವಾಗಿ ಓಡಾಡುತ್ತಿತ್ತು. ಎಲ್ಡನ್‌ನ ಕೋವಿಯೂ ಅಷ್ಟೇ ಮುದಿ. ಅವನು ಹಿಂಡದೆ ಗೆದ್ದಿದ್ದ. ಹಿಂಡದೆ ಯಾಕೆ? ಡೆಲ್‌ಮರ್ ಹೊಟ್ಟೆಕಿಚ್ಚಿನಿಂದ ಆ ಹೆಜ್ಜೆ ಕಲಿಸಿರಲಿಲ್ಲವಾದ್ದರಿಂದ. ತಾನೇ ಕೈಯಾರೆ ಅಚ್ಚನ್ನು ದಾಟಿಸಿದ್ದ.

"ಒಂದು ಮಾತು ಡೆಲ್," ಎಲ್ಡನ್ ಹತ್ತಿರ ಸರಿದ. "ಹೋದ ತಿಂಗಳು ಆರ್ಲೀನ್ ಹತ್ರ ವಾಲ್‌ನಟ್ ಯಂತ್ರ ಒಂದಿನಕ್ಕೆ ಕೊಡಿ ಅಂದೆ. ಯಾವ ಯಂತ್ರ ಅಂದ್ಲು. ನಿಜ ಹೇಳು, ಅದು ಗುಂಡಿಗಲ್ಲವಾ? ನಾಳೆಗಾದ್ರೂ ಕಲಿಸಬಾರದಾ? ನನ್ನದರಲ್ಲೇನೋ ಕೊರತೆ ಇದೆ ಅಂತ ಯಾವಾಗಲೂ ಅನ್ನಿಸುತ್ತೆ ಕಣಯ್ಯ."

ಸಾಕ್ಷಾತ್ ಅವಕಾಶ! ಯಂತ್ರ ತಂದು ಕೊಟ್ಟರೆ ಮುಗಿಯಿತು. ಎಲ್ಡನ್ ಸಂಜೆಯೊಳಗೆ ತನ್ನ ಗುಂಡನ್ನೆಲ್ಲ ಹಿಂಡಿ, ನಾಳೆ ಪೈ ತಟ್ಟೆಯಷ್ಟು ಹರಡುತ್ತಾನೆ. ಅಚ್ಚು ಮನೆಗೆ. ಅದೂ ಕಲಿಸಿದ ಪುಣ್ಯದ ಜೊತೆಗೆ. ಡೆಲ್‌ಮರ್ ಬಾಯಿ ತೆರೆದ. ಎಲ್ಡನ್ ಪೆನ್ಸಿಲ್ ಹಿಡಿದ ಶಾಲಾ ಹುಡುಗನಂತೆ ಕತ್ತು ಚಾಚಿದ್ದ. ಪಕ್ಕದಲ್ಲಿ ತುಕ್ಕಿಲ್ಲದ ಅಪ್ಪನ ಅಚ್ಚು.

"ಗುಂಡಿಗೇ ಅದು," ಅಂದ ಡೆಲ್‌ಮರ್. ಪ್ರತಿ ಮಾತೂ ಹಲ್ಲು ಕಿತ್ತ ಹಾಗೆ ಬಂತು. "ನಿನಗೆ ಹೇಳಿಕೊಡಲಿಲ್ಲ. ಬೇಕಂತಲೇ. ಈಗ ಹೇಳ್ತೀನಿ ಕೇಳು, ಅದರ ಹತ್ರ ಸುಳೀಬೇಡ. ನಮ್ಮ ಮುದಿ ಕೋವಿಗಳಿಗೆ ಅದು ವಿಷ."

ಎಲ್ಡನ್ ಚಾಚಿದ್ದ ಕತ್ತನ್ನು ಹಿಂದಕ್ಕೆ ಎಳೆದುಕೊಂಡ. "ಹಾಗಾದ್ರೆ ನೀನು ಮೋಸ ಮಾಡಿದ್ದರಿಂದ ನಾನು ಗೆದ್ದೆ?"

"ಅದನ್ನೇ ನೆನೆಸಿಕೊಂಡು ಹೊಟ್ಟೆ ಉರೀತಿದೆ."

ಮಾರನೇ ದಿನ ಜಲ್ಲಿ ಗುಂಡಿಯಲ್ಲಿ ಗಾಳಿಯೇ ಇರಲಿಲ್ಲ. ಕೊನೆಗೆ ಉಳಿದವರು ಇವರಿಬ್ಬರೇ. ಎಲ್ಡನ್‌ನ ಗುಂಡುಗಳು ಎಂದಿನಂತೆ ಒಟ್ಟೊಟ್ಟಿಗೆ ಕೂತವು, ಒಂದು ಮಾತ್ರ ಅಂಚಿಗೆ ಜಾರಿತು. ಡೆಲ್‌ಮರ್ ಹಿಡಿ ಎಳೆದ, ಹೊಡೆದ, ಎಳೆದ, ಹೊಡೆದ. ಗುರಿಯ ಕಾಗದ ತಂದು ನೋಡಿದಾಗ ಅವನ ತೂತುಗಳೆಲ್ಲ ಒಂದರ ಮೇಲೊಂದು ಹತ್ತಿ ಒಂದೇ ಹರಿದ ಬಾಯಾಗಿದ್ದವು.

ಎಲ್ಡನ್ ತಾನೇ ಅಚ್ಚಿನ ಪೆಟ್ಟಿಗೆ ತಂದು ಅವನ ತೊಡೆಯ ಮೇಲಿಟ್ಟ. ಡೆಲ್‌ಮರ್ ಅದನ್ನು ಎರಡೂ ಕೈಯಿಂದ ಅವುಚಿಕೊಂಡ. ಅಪ್ಪ ಮನೆಗೆ ಬಂದ ಹಾಗಾಯಿತು. ಒಂದು ಉಸಿರು ಹಾಯಾಗಿ ಬಿಟ್ಟು ತಲೆಯೆತ್ತಿ ನೋಡುತ್ತಾನೆ: ಊರೆಲ್ಲ ಎಲ್ಡನ್‌ನ ಸುತ್ತ. ಬೆನ್ನು ತಟ್ಟುವವರು, ಪಾಪ ಅನ್ನುವವರು. ಮಾರ್ಲಿಸ್ ಕಾಫಿ ತುಂಬಿಸುತ್ತಿದ್ದಾಳೆ. ಆರ್ಲೀನ್ ಚೌಕ ತಟ್ಟೆಯಲ್ಲಿ ಬೇಯಿಸಿದ, ರೂಬಾರ್ಬ್ ಎಂಬ ಹುಳಿ ದಂಟಿನ ತನ್ನ ಪೈಯಲ್ಲಿ ಅಂಚು ಗರಿಗರಿಯಾಗಿ ಕೆಂಪಾದ, ರಸ ಉಕ್ಕಿ ಗಟ್ಟಿಯಾದ ಆ ಒಂದೇ ಒಂದು ತುಂಡನ್ನು ಕತ್ತರಿಸಿ ಎಲ್ಡನ್‌ನ ತಟ್ಟೆಗೆ ಹಾಕಿದಳು. ಆಮೇಲೆ ಗಂಡನಿಗೆ ನಡುವಿನ ಮೆತ್ತನೆ ತುಂಡು ತಂದಳು.

"ಗೆದ್ದಾಯ್ತಲ್ಲ, ಇನ್ಯಾಕೆ ಮುಖ ಹಾಗೆ?"

"ಅಂಚಿನದ್ದು ಅವನಿಗ್ಯಾಕೆ ಕೊಟ್ಟೆ?"

"ಸೋತಿದ್ದಾನೆ ಡೆಲ್."

ಡೆಲ್‌ಮರ್ ಪೆಟ್ಟಿಗೆಯ ಮೇಲೆ ತಟ್ಟೆ ಇಟ್ಟುಕೊಂಡು ಎಲ್ಡನ್‌ನ ಬಾಯಿಯನ್ನೇ ನೋಡಿದ. ಅಲ್ಲಿ ಅಂಚು ಕರಕರ ಅನ್ನುತ್ತಿತ್ತು.

"ಮುಂದಿನ ವರ್ಷ ನಾನು ಸೋಲ್ತೀನಿ, ನೋಡ್ತಿರು."

"ಅದಕ್ಕೂ ಎಲ್ಡನ್ ಬಿಡಬೇಕಲ್ಲ," ಅಂದಳು ಆರ್ಲೀನ್.