ಅತ್ತೆ ಕೊಟ್ಟ ಹೇಳಿಕೆ

ನನ್ನ ಗಂಡ ಕೆಲಸ ಹುಡುಕಿಕೊಂಡು ಮನೆ ಬಿಟ್ಟಾಗ ನನಗೆ ಇಪ್ಪತ್ತೋ ಇಪ್ಪತ್ತೊಂದೋ. ಲಿಂಗನಮಕ್ಕಿಯ ಕಟ್ಟೆ ಕೆಲಸ ಮುಗಿದಿತ್ತು. ವರ್ಷಗಟ್ಟಲೆ ಅಲ್ಲಿ ಜಲ್ಲಿ ಹೊತ್ತವರೆಲ್ಲ ಒಂದೇ ತಿಂಗಳಲ್ಲಿ ಕೈಗೆ ಕೆಲಸವಿಲ್ಲದೆ ನಿಂತರು. ಉತ್ತರದ ಕಡೆ ಇನ್ನೊಂದು ಅಣೆಕಟ್ಟೆ ಏಳುತ್ತದಂತೆ, ಜನ ಬೇಕಂತೆ ಎಂದು ಮೇಸ್ತ್ರಿಯೊಬ್ಬ ಹೇಳಿದ್ದನ್ನು ನಂಬಿ ಇವರೂ ಹೊರಟರು. ಹುಬ್ಬಳ್ಳಿಯಿಂದ ಒಂದು ಕಾಗದ ಬಂತು. ಆಮೇಲೆ ಇನ್ನೂ ದೂರದ ಯಾವುದೋ ಊರಿಂದ ಒಂದು ಕಾರ್ಡು. ಕೆಲಸ ಸಿಕ್ಕಿದೆ, ದೀಪಾವಳಿಗೆ ಬರುತ್ತೇನೆ, ಅಮ್ಮನ ಕಣ್ಣು ಹೇಗಿದೆ ಅಂತ ಬರೆದಿದ್ದರು. ಆ ದೀಪಾವಳಿ ಹೋಯಿತು, ಅದರ ಮುಂದಿನದೂ ಹೋಯಿತು. ಕಾರ್ಡಿನಲ್ಲಿದ್ದ ವಿಳಾಸಕ್ಕೆ ನಾನು ಬರೆದ ಕಾಗದಗಳು ವಾಪಸ್ಸೂ ಬರಲಿಲ್ಲ.

ಮನೆಯಲ್ಲಿ ಉಳಿದವರು ಅತ್ತೆ, ನಾನು. ಹೊಸನಗರದಿಂದ ಎರಡು ಮೈಲಿ ದೂರದಲ್ಲಿ ನಮ್ಮ ಹುಲ್ಲಿನ ಮನೆ. ಮೊದಲು ಗೇಣಿಗೆ ಮಾಡುತ್ತಿದ್ದ ಗದ್ದೆ ಹಿನ್ನೀರಿನಲ್ಲಿ ಮುಳುಗಿತ್ತು. ಗದ್ದೆ ಒಡೆಯರದು, ಹಾಗಾಗಿ ಪರಿಹಾರವೂ ಒಡೆಯರಿಗೇ ಹೋಯಿತು. ನಾನು ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ಸಾಗುವಾನಿ ಪಾತಿಗೆ ನೀರು ಹೊರುತ್ತಿದ್ದೆ. ಮಳೆಗಾಲದಲ್ಲಿ ನೀರು ಹೊರುವವರು ಯಾರಿಗೆ ಬೇಕು? ಆ ನಾಲ್ಕು ತಿಂಗಳು ಕೆಲಸವೇ ಇರುತ್ತಿರಲಿಲ್ಲ. ಅಕ್ಕಿ ಸಿಗದ ವರ್ಷಗಳು ಅವು. ಸೊಸೈಟಿ ಅಂಗಡಿಯಲ್ಲಿ ಕೊಡುವ ಕೆಂಪು ಗೋಧಿಯನ್ನು ಏನು ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ. ಅನ್ನದ ಹಾಗೇ ಬೇಯಿಸಿ, ಉಪ್ಪು ಹಾಕಿ ತಿನ್ನುತ್ತಿದ್ದೆವು.

ಅತ್ತೆ ಏಳು ಹೆತ್ತವರು. ಆರನ್ನು ಮಣ್ಣಿಗೆ ಕೊಟ್ಟ ಮೇಲೆ ಉಳಿದದ್ದು ಕೊನೆಯದೊಂದೇ, ನನ್ನ ಗಂಡ. ಕಣ್ಣಿಗೆ ಪೊರೆ ಬಂದು ಅವರಿಗೆ ಬೆಳಕು, ನೆರಳು ಇಷ್ಟು ಮಾತ್ರ ಕಾಣುತ್ತಿತ್ತು. ಆದರೂ ಅಂಗಳ ಗುಡಿಸುವುದು, ಒಲೆ ಹಚ್ಚುವುದು ಎಲ್ಲ ಅವರದೇ. ನನ್ನನ್ನು ಕೂಸೇ ಎಂದು ಕರೆಯುತ್ತಿದ್ದರು. ನಾನು ತವರೂರು ಮೇಳಿಗೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳೆಂದು ಅವರಿಗೆ ಬಲು ಹೆಮ್ಮೆ. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಗತಿಯಿಲ್ಲದ ಮುದುಕರಿಗೆ ಸರ್ಕಾರ ವೃದ್ಧಾಪ್ಯ ವೇತನ ಕೊಡುತ್ತದೆ, ತಿಂಗಳು ತಿಂಗಳು ಮನಿಆರ್ಡರಿನಲ್ಲಿ ಮನೆಗೇ ಬರುತ್ತದೆ ಅಂತ ಮೊದಲು ಹೇಳಿದವರು ನಮ್ಮೂರ ಶಾನುಭೋಗರು. ಅರ್ಜಿಯ ಫಾರಂ ಅವರೇ ತಂದುಕೊಟ್ಟರು, ನಾನೇ ತುಂಬಿದೆ. ವಯಸ್ಸಿಗೆ ಆಸ್ಪತ್ರೆಯ ಡಾಕ್ಟರರ ಸರ್ಟಿಫಿಕೇಟು ಬೇಕಿತ್ತು. ಅವರು ಅತ್ತೆಯ ಹಲ್ಲು ನೋಡಿದರು, ಕೈ ಚರ್ಮ ಹಿಡಿದು ಎಳೆದು ನೋಡಿದರು. ಊರೂರಿಗೆ ದೊಡ್ಡ ಜ್ವರ ಬಂದಾಗ ನೀನು ಎಷ್ಟು ದೊಡ್ಡವಳಿದ್ದೆ ಅಂತ ಕೇಳಿದರು. ಮೊದಲನೇ ಮಗು ಆ ಜ್ವರದಲ್ಲೇ ಹೋಯಿತು ಎಂದರು ಅತ್ತೆ. ಡಾಕ್ಟರರು ಮತ್ತೇನೂ ಕೇಳದೆ ಬರೆದುಕೊಟ್ಟರು.

ಕೆಲವು ವಾರದ ಮೇಲೆ ವಿಚಾರಣೆಗೆ ಶೇಕದಾರರು ಬಂದರು. ಈಗಿನ ರೆವಿನ್ಯೂ ಇನ್ಸ್‌ಪೆಕ್ಟರನ್ನು ಆಗ ಶೇಕದಾರರು ಎನ್ನುತ್ತಿದ್ದರು. ನಡುವಯಸ್ಸಿನವರು, ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಶಾನುಭೋಗರು ಹಿಂದಿನ ದಿನವೇ ಬಂದು ಅತ್ತೆಗೆ ಎಚ್ಚರ ಹೇಳಿ ಹೋಗಿದ್ದರು. ವಯಸ್ಸಿಗೆ ಬಂದ ಮಗ ಇದ್ದರೆ ವೇತನ ಸಿಗುವುದಿಲ್ಲ, ಮಗ ಇಲ್ಲ ಅಂದುಬಿಡಿ ಎಂದು. ಅತ್ತೆ ಹೂಂ ಎಂದಿದ್ದರು.

ಶೇಕದಾರರು ಮನೆಯೊಳಗೆ ಬಂದು ಅಕ್ಕಿ ಮಡಕೆ ಬಗ್ಗಿ ನೋಡಿದರು. ಆಮೇಲೆ ಜಗಲಿಯಲ್ಲಿ ಕೂತು ಕೇಳಿದರು.

"ಮಗ ಇದಾನಾ ಅಜ್ಜಿ?"

"ಇಲ್ಲ ಸ್ವಾಮಿ."

"ಇಲ್ಲ ಅಂದ್ರೆ? ಊರಲ್ಲಿಲ್ವೋ, ತೀರಿಕೊಂಡ್ನೋ?"

ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು. ಶೇಕದಾರರ ಜೊತೆ ಬಂದಿದ್ದ ಶಾನುಭೋಗರು ಕೆಮ್ಮಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ. ಶೇಕದಾರರು ಒಮ್ಮೆ ನನ್ನನ್ನು ನೋಡಿ ಮುಖ ಕೆಳಗೆ ಹಾಕಿದರು.

"ಊರಲ್ಲಿಲ್ಲ," ಎಂದರು ಅತ್ತೆ. "ಕೆಲಸಕ್ಕೆ ಹೋಗಿದಾನೆ. ಕೈಗೆ ಬಂದ್ರೆ ಕಳಿಸ್ತಾನೆ, ಅವ ಅಂಥವನಲ್ಲ."

ಎರಡು ವರ್ಷದಿಂದ ಏನೂ ಕಳಿಸಿಲ್ಲ ಅಂತ ನಾನೇ ಹೇಳಿದೆ. ಶೇಕದಾರರು ಒರಟು ಮನುಷ್ಯರಲ್ಲ. "ಈ ಫಾರಮ್ಮಿನಲ್ಲಿ ಮಗ ಇರಬೇಕು, ಇಲ್ಲಾ ಇರಬಾರದು. ಇದ್ದೂ ಇಲ್ಲದ ಹಾಗೆ ಅಂತ ಬರೆಯೋಕೆ ಜಾಗ ಇಲ್ಲ ಅಜ್ಜಿ," ಎಂದರು. ಅರ್ಜಿ ತಿರಸ್ಕಾರವಾದ ಕಾಗದ ಮುಂದಿನ ತಿಂಗಳು ಬಂತು.

ಆ ಮಳೆಗಾಲದಲ್ಲಿ ನನಗೆ ಜ್ವರ ಹಿಡಿಯಿತು. ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಅತ್ತೆ ಕೈಯಿಂದ ತಡವರಿಸಿ ನನ್ನ ತೋಳು, ಕೊರಳ ಮೂಳೆ ಮುಟ್ಟಿ ನೋಡುತ್ತಿದ್ದರು. ಗಂಜಿ ನನ್ನ ತಟ್ಟೆಗೆ ಸುರಿದು, ತಾವು ಆಗಲೇ ಉಂಡಾಯಿತು ಎನ್ನುತ್ತಿದ್ದರು. ಸುಳ್ಳೆಂದು ಗೊತ್ತಿದ್ದೂ ನಾನು ಉಂಡೆ. ಹಸಿವಾಗಿತ್ತು.

ಮಳೆ ಇಳಿಯುವ ಹೊತ್ತಿಗೆ, ತವರಿಗೆ ಹೋಗಿ ಬಾ ಎಂದು ಹಟ ಹಿಡಿದರು. ನಿನ್ನ ಅಮ್ಮ ಹೇಳಿ ಕಳಿಸಿದಾಳೆ, ಹದಿನೈದು ದಿನ ಇದ್ದು ಮೈ ಸುಧಾರಿಸಿಕೊಂಡು ಬಾ ಎಂದರು. ಅಮ್ಮ ಹೇಳಿ ಕಳಿಸಿರಲಿಲ್ಲ, ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮೇಳಿಗೆಗೆ ನಡೆದೆ. ಅಣ್ಣನ ಸಂಸಾರವೂ ದೊಡ್ಡದು. ಆದರೂ ಅಮ್ಮ ಬಿಡಲಿಲ್ಲ, ಇಪ್ಪತ್ತು ದಿನ ಇಟ್ಟುಕೊಂಡಳು. ಹೊರಡುವ ಮುಂಚೆ, ಇಲ್ಲೇ ಇದ್ದುಬಿಡು, ಅಲ್ಲಿ ಯಾರಿದ್ದಾರೆ ನಿನಗೆ ಎಂದಳು. ಅತ್ತೆ ಇದ್ದಾರಲ್ಲ ಎಂದೆ.

ವಾಪಸ್ಸು ಬಂದಾಗ ಮೊದಲು ಕಂಡವಳು ಪಕ್ಕದ ಮನೆಯಾಕೆ. ಅತ್ತೆಯ ಕೈ ಹಿಡಿದು ಪೇಟೆಗೆ ಕರೆದುಕೊಂಡು ಹೋಗಿ ಬರುತ್ತಿದ್ದವಳು ಆಕೆಯೇ. ನನ್ನ ಹಣೆ ನೋಡಿ ಮುಖ ತಿರುಗಿಸಿದಳು. ಏನಾಯಿತು ಎಂದು ಕೇಳಿದೆ. ಮೊದಲು ಏನಿಲ್ಲ ಎಂದಳು. ಆಮೇಲೆ ಬೇಲಿಯ ಹತ್ತಿರ ನಿಂತು ಎಲ್ಲ ಹೇಳಿದಳು.

ನಾನು ಹೋದ ನಾಲ್ಕನೇ ದಿನ ಅತ್ತೆ ಅವಳನ್ನು ಕರೆದುಕೊಂಡು ತಾಲೂಕು ಕಚೇರಿಗೆ ಹೋಗಿದ್ದರು. ಮಗ ಸತ್ತ ಸುದ್ದಿ ಬಂದಿದೆ, ನನ್ನ ಅರ್ಜಿ ಮತ್ತೆ ನೋಡಿ ಅಂದರು. ಹೇಳಿಕೆ ಬರೆದುಕೊಳ್ಳುವ ಗುಮಾಸ್ತರು, ಹೇಗೆ ಸತ್ತ ಎಂದು ಕೇಳಿದರಂತೆ. ಅತ್ತೆ ಹೇಳಿದರು. ಮೂರು ದಿನ ಜ್ವರ ಬಿಡಲಿಲ್ಲ. ಬಾಯಿ ಒಣಗಿ ನೀರು ನೀರು ಅಂತ ಕೇಳಿದ. ಕೊಟ್ಟರೆ ಕುಡಿಯೋಕಾಗಲಿಲ್ಲ, ಕಟವಾಯಿಂದ ಹರಿದುಹೋಯ್ತು. ಕೊನೆಗೆ ನನ್ನ ಕಿರುಬೆರಳು ಹಿಡ್ಕೊಂಡಿದ್ದ, ಬಿಡಿಸೋಕೆ ಕಷ್ಟ ಆಯ್ತು. ಗುಮಾಸ್ತರು ಪೆನ್ನು ಕೆಳಗಿಟ್ಟುಬಿಟ್ಟರಂತೆ. ದೂರದ ಊರಲ್ಲಿ ಸತ್ತವನ ಕೈ ಇವರು ಹೇಗೆ ಹಿಡಿದಿದ್ದರು ಅಂತ ಕೇಳುವ ಮನಸ್ಸು ಅಲ್ಲಿ ಯಾರಿಗೂ ಬರಲಿಲ್ಲ.

"ಅದು ಅವರ ಎರಡನೇ ಮಗ ಹೋದ ಕಥೆ," ಎಂದಳು ಪಕ್ಕದ ಮನೆಯಾಕೆ. "ಆರು ವರ್ಷದವ. ನಮ್ಮ ಅತ್ತೆ ಹೇಳ್ತಿದ್ರು, ನಂಗೆ ಗೊತ್ತು."

ಸೊಸೆ ಎಲ್ಲಿ ಎಂದು ಕೇಳಿದ್ದಕ್ಕೆ, ತವರಿಗೆ ಹೋದಳು, ಇನ್ನು ಬರುವುದಿಲ್ಲ ಎಂದರಂತೆ. ಹೆಬ್ಬೆಟ್ಟು ಒತ್ತಿ ಬಂದರಂತೆ.

ನಾನು ಮನೆಯೊಳಗೆ ಹೋದೆ. ಅತ್ತೆ ಹೆಜ್ಜೆ ಸದ್ದಿಗೇ ಗುರುತು ಹಿಡಿದು ಎದ್ದು ನಿಂತರು. ಬಂದ್ಯಾ ಎಂದರು. ನಾನು ಚೀಲ ಕೆಳಗಿಡಲಿಲ್ಲ. ಆ ದಿನ ನಾನು ಆಡಿದ ಮಾತನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

"ಆರು ಜನ ಸಾಲದು ಅಂತ ಇವರನ್ನೂ ಕೊಂದ್ರಾ?" ಎಂದೆ. "ನನ್ನ ಕುಂಕುಮ ಅಳಿಸೋಕೆ ನನ್ನ ಆಚೆ ಕಳ್ಸಿದ್ರಾ?"

ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. ಆಮೇಲೆ ಎದ್ದು, ನನಗೆಂದು ಮುಚ್ಚಿಟ್ಟಿದ್ದ ಗಂಜಿಯನ್ನು ಬಿಸಿ ಮಾಡಲು ಒಲೆ ಹಚ್ಚಿದರು. ಎಂಟು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಕರೆದರೆ ಎದ್ದು ಹೋಗಿ ಬೇಕಾದ್ದು ಮಾಡಿ, ಸುಮ್ಮನೆ ಬರುತ್ತಿದ್ದೆ. ಕಣ್ಣು ಕಾಣದವರ ಎದುರು ಮಾತು ಬಿಡುವುದೆಂದರೆ ಏನೆಂದು ಆಗ ನನಗೆ ಹೊಳೆಯಲಿಲ್ಲ. ಒಂಬತ್ತನೇ ದಿನ ನಾನು ಸೊಪ್ಪು ಸೋಸುತ್ತಿದ್ದಾಗ ಹತ್ತಿರ ಬಂದು ಕೂತರು.

"ನೀ ವಾಪಸ್ ಬರ್ತೀಯ ಅಂತ ನಾ ಎಣಿಸಿರ್ಲಿಲ್ಲ ಕೂಸೇ. ಬರಬಾರದು ಅಂತಲೇ ಕಳಿಸಿದ್ದು. ಅವನ ದಾರಿ ಕಾಯ್ತಾ ನಾವಿಬ್ರೂ ಸಾಯೋದು ಬೇಡ ಅನ್ನಿಸ್ತು."

ಹೇಳಿದ್ದು ಅಷ್ಟೇ. ನಾನು ಸೊಪ್ಪು ಸೋಸುತ್ತಲೇ ಇದ್ದೆ. ಹೂಂ ಎಂದೆ, ಅಷ್ಟೇ.

ವೇತನ ಮಂಜೂರಾಯಿತು. ಪೋಸ್ಟಿನವನು ಬೇಲಿಯ ದಣಪೆ ದಾಟುವ ಸದ್ದು ಕೇಳಿದ ಕೂಡಲೇ ಅತ್ತೆ ಹೊರಗೆ ಬರುತ್ತಿದ್ದರು. ಕಾಗದವಾ ಎಂದು ಕೇಳುತ್ತಿದ್ದರು. ಅಲ್ಲ ಅಜ್ಜಿ, ಮನಿಆರ್ಡರು ಎಂದರೆ ಮುಖ ಇಳಿದುಹೋಗುತ್ತಿತ್ತು. ಹೆಬ್ಬೆಟ್ಟು ಒತ್ತಿ ಒಳಗೆ ಹೋಗಿ, ಒಲೆಯ ಬೂದಿ ಹಾಕಿ ಆ ಬೆರಳನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಶಾಯಿ ಹೋದ ಮೇಲೂ ತಿಕ್ಕುತ್ತಿದ್ದರು. ಆ ದುಡ್ಡಿನಲ್ಲಿ ತಂದ ಅಕ್ಕಿಯನ್ನು ಅವರು ಮುಟ್ಟಲಿಲ್ಲ. ಅನ್ನ ನನಗೆ, ಗೋಧಿ ತಮಗೆ. ಒಂದು ಸಲ ಎರಡನ್ನೂ ಕಲಸಿ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು, ಗೊತ್ತಾಗಿ, ತಟ್ಟೆ ನನ್ನ ಕಡೆ ಸರಿಸಿದರು.

ಮುಂದಿನ ವರ್ಷದ ಹಿರಿಯರ ಹಬ್ಬ ನನಗೆ ಕಣ್ಣಿಗೆ ಕಟ್ಟಿದಂತಿದೆ. ಸತ್ತವರಿಗೆ ಬಾಳೆ ಎಲೆ ಹಾಕಿ ಎಡೆ ಇಡುವ ದಿನ. ಮಾವನಿಗೆ ಒಂದು, ಸತ್ತ ಮಕ್ಕಳಿಗೆ ಆರು, ಹೀಗೆ ಏಳು ಎಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಆ ಸಲ ಅಕ್ಕಪಕ್ಕದವರು ನಾಲ್ಕೈದು ಜನ ಏನೋ ನೆವ ತೆಗೆದು ಬಂದಿದ್ದರು. ಎಂಟನೇ ಎಲೆ ಬೀಳುತ್ತದೋ ಇಲ್ಲವೋ ನೋಡಲು. ಅತ್ತೆಗೆ ಅವರು ಕಾಣದಿದ್ದರೂ ಬಂದದ್ದು ಯಾಕೆಂದು ತಿಳಿದಿತ್ತು. ನೆಲ ತಡವಿ ತಡವಿ ಒಂದೊಂದೇ ಎಲೆ ಹಾಕಿದರು. ಏಳನೆಯದು ಹಾಕಿ ಕೈ ಒರೆಸಿಕೊಂಡರು. ಒಬ್ಬ ಹಿರಿಯ, ಇನ್ನೊಂದು ಬೇಡವಾ ಎಂದು ಕೇಳಿಯೇ ಬಿಟ್ಟ.

"ಅದು ಸರ್ಕಾರಕ್ಕೆ ಹೇಳಿದ್ದು," ಎಂದರು ಅತ್ತೆ. "ನಮ್ಮನೇಲಿ ಅವ ಸತ್ತಿಲ್ಲ."

ಯಾರಾದರೂ ಹೋಗಿ ಕಚೇರಿಗೆ ಹೇಳಿದ್ದರೆ ವೇತನ ನಿಲ್ಲುತ್ತಿತ್ತು. ಯಾರೂ ಹೇಳಲಿಲ್ಲ. ಅಂದು ಬಂದವರೆಲ್ಲ ಎದ್ದು ಹೋದರು.

ಅದರ ಮುಂದಿನ ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಮೈಯಲ್ಲಿ ರಕ್ತವೇ ಇಲ್ಲ, ಚೆನ್ನಾಗಿ ತಿನ್ನಿಸಿ ಎಂದರು. ಮನೆಯಲ್ಲಿ ಅಕ್ಕಿ ಇತ್ತು. ಅನ್ನ ಕಿವುಚಿ ಗಂಜಿ ಮಾಡಿ ಬಾಯಿಗಿಟ್ಟರೆ ತುಟಿ ಬಿಗಿ ಹಿಡಿದು ಮುಖ ಆಚೆ ಮಾಡುತ್ತಿದ್ದರು. ಪಕ್ಕದ ಮನೆಯಿಂದ ಕೇಳಿ ತಂದ ಅಕ್ಕಿ ಎಂದು ಆಣೆ ಇಟ್ಟು ಹೇಳಿದ ಮೇಲೆ ಎರಡು ಚಮಚ ಕುಡಿದರು. ಅದೂ ಸುಳ್ಳಾಣೆ. ಹನ್ನೊಂದು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ, ನಾನು ಹೊರಗೆ ಬಟ್ಟೆ ಒಣಗಿಸಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಬೆಂಕಿ ಇಡಲು ಮಗ ಬೇಕಲ್ಲ. ಪಕ್ಕದ ಮನೆಯಾಕೆಯ ಗಂಡ ಮುಂದೆ ಬಂದು ಇಟ್ಟ.

ವೇತನದ ಪಟ್ಟಿಯಿಂದ ಅತ್ತೆಯ ಹೆಸರು ತೆಗೆಯಲು ಶೇಕದಾರರೇ ಬಂದರು. ಜಗಲಿಯಲ್ಲಿ ಕೂತು, ನೀನು ತವರಿಂದ ಬಂದಿದ್ದು ನನಗೆ ಆವತ್ತೇ ಗೊತ್ತಿತ್ತು ಎಂದರು. ಗೊತ್ತಿದ್ದೂ ಕಚೇರಿಗೆ ಬರೆದಿರಲಿಲ್ಲ. ಸಾಗರದಲ್ಲಿ ಗಂಡನಿಲ್ಲದ, ಓದು ಬಲ್ಲ ಹೆಂಗಸರಿಗೆ ಬಾಲವಾಡಿ ತರಬೇತಿ ಶುರುವಾಗಿದೆ, ಊಟ ವಸತಿ ಅಲ್ಲೇ, ಅರ್ಜಿ ಹಾಕು ಎಂದರು. ಗಂಡ ಇಲ್ಲ ಅನ್ನುವುದಕ್ಕೆ ಆಧಾರವಾಗಿ ಅತ್ತೆಯ ಹೇಳಿಕೆಯ ನಕಲು ಸಾಕಾಗುತ್ತದೆ ಎಂದರು.

ಆ ನಕಲನ್ನು ಆಗಲೇ ಮೊದಲ ಸಲ ಓದಿದ್ದು. ನೀರು ಕೇಳಿದ್ದು, ಕಿರುಬೆರಳು ಹಿಡಿದದ್ದು ಯಾವುದೂ ಅದರಲ್ಲಿರಲಿಲ್ಲ. 'ಮಗ ಜ್ವರದಿಂದ ಮೃತ' ಎಂದು ಒಂದೇ ಸಾಲು. ಕೆಳಗೆ ಅತ್ತೆಯ ಹೆಬ್ಬೆಟ್ಟು, ಒತ್ತುವಾಗ ಸ್ವಲ್ಪ ಎಳೆದುಹೋಗಿತ್ತು.

ಸಾಗರಕ್ಕೆ ಹೋದೆ. ನಿನ್ನ ಗಂಡ ಎಂದು ಅಲ್ಲಿ ಕೇಳಿದವರಿಗೆ, ತೀರಿಕೊಂಡರು ಎಂದು ನನ್ನ ಬಾಯಿಂದಲೇ ಹೇಳಿದೆ. ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಅದಕ್ಕೇ ಆ ದಿನ ಅತ್ತದ್ದು. ಅತ್ತೆ ಅದೇ ಮಾತು ಹೇಳಿ ಬಂದಾಗ ನಾನು ಏನೆಲ್ಲ ಅಂದಿದ್ದೆ. ಅವರು ಆಮೇಲೆ ಒಂದೂವರೆ ವರ್ಷ ನನ್ನ ಜೊತೆ ಬದುಕಿದ್ದರು. ತಲೆಗೆ ಎಣ್ಣೆ ಹಚ್ಚಿದ್ದೇನೆ, ಸೀರೆ ಒಗೆದಿದ್ದೇನೆ, ಮಲಮೂತ್ರ ಬಳಿದಿದ್ದೇನೆ. ನಾನು ಅಂದದ್ದು ತಪ್ಪಾಯಿತು ಅತ್ತೆ ಎಂದು ಒಂದು ದಿನವೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ನನ್ನ ಗಂಡ ಬರಲಿಲ್ಲ. ಏನಾದರು ಅಂತ ಈವತ್ತಿಗೂ ಗೊತ್ತಿಲ್ಲ.